ಎಲ್ಲಿವರೆಗೆ ಬಿಚ್ಚಬೇಕು? ಮನೆಯಂಗಳದ ಬೈಕ್ ಸರ್ವಿಸಿನ 60 ವರ್ಷದ ಕಥೆ

ನಿಮ್ಮ ಬೈಕಿನ ಟೂಲ್ ಕಿಟ್ ಎಲ್ಲಿದೆ ಅಂತ ಥಟ್ಟನೆ ಹೇಳಬಲ್ಲಿರಾ? ಸೀಟಿನ ಕೆಳಗೋ, ಸೈಡ್ ಕವರ್ ಒಳಗೋ? ಒಮ್ಮೆ ತೆಗೆದು ನೋಡಿ. ಸಿಕ್ಕರೆ ಒಂದು ಪ್ಲಗ್ ಸ್ಪ್ಯಾನರ್, ಒಂದೆರಡು ಸಾಮಾನ್ಯ ಸ್ಪ್ಯಾನರ್, ತಿರುಗಿಸಿ ಹಾಕುವ ಒಂದು ಸ್ಕ್ರೂಡ್ರೈವರ್ ಸಿಗಬಹುದು. ಎಷ್ಟೋ ಗಾಡಿಗಳಲ್ಲಿ ಶೋರೂಮಿನಲ್ಲಿ ಕಟ್ಟಿದ ಚೀಲ ಇವತ್ತಿಗೂ ಹಾಗೇ ಇದೆ, ಯಾರೂ ಬಿಚ್ಚಿಲ್ಲ.

ಇದನ್ನೇ ನಿಮ್ಮ ಅಜ್ಜನ ಕಾಲದ ಜಾವಾ ಓಡಿಸಿದವರ ಮುಂದೆ ಹೇಳಿ, ನಗುತ್ತಾರೆ. ಅವರ ಗಾಡಿಯಲ್ಲಿ ಟೂಲ್ ಬಾಕ್ಸಿಗೆ ಬೀಗವೇ ಇತ್ತು. ಬೀಗ ಹಾಕುವಷ್ಟು ಬೆಲೆಯ ಸಾಮಾನು ಅದರೊಳಗೆ ಇರುತ್ತಿತ್ತು, ಮತ್ತು ಅದನ್ನು ಬಳಸದೆ ಗಾಡಿ ಓಡಿಸಲು ಆಗುತ್ತಿರಲಿಲ್ಲ.

ಬೀಗದ ಟೂಲ್ ಬಾಕ್ಸಿನಿಂದ ಬಿಚ್ಚದ ಚೀಲದವರೆಗೆ ಬಂದದ್ದು ಹೇಗೆ? ನಾವು ಸೋಮಾರಿಗಳಾದೆವು ಅನ್ನುವುದು ಸುಲಭದ ಉತ್ತರ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ಮನೆಯಲ್ಲಿ ಎಷ್ಟು ಬಿಚ್ಚಬಹುದು ಅನ್ನುವುದನ್ನು ಪ್ರತಿ ಕಾಲದಲ್ಲೂ ಗಾಡಿಯ ಇಂಜಿನ್, ಬಿಡಿಭಾಗ ಸಿಗುವ ಪೇಟೆಯ ದೂರ ಮತ್ತು ಸರ್ಕಾರದ ಕಾನೂನು ಸೇರಿ ತೀರ್ಮಾನ ಮಾಡಿವೆ.

ಮೈಸೂರಿನಿಂದ ಶುರು ಮಾಡೋಣ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಸೇರಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಕಾರ್ಖಾನೆ ಉದ್ಘಾಟಿಸಿದರು. ವಿನ್ಯಾಸ ಜೆಕೊಸ್ಲೊವಾಕಿಯಾದ್ದು. ಜಾವಾ ಅನ್ನುವ ಹೆಸರು ಇಂಡೊನೇಷ್ಯಾದ ದ್ವೀಪದ್ದಲ್ಲ, ಯಾನೆಚೆಕ್ ಅನ್ನುವ ಮಾಲೀಕನ ಹೆಸರು ಮತ್ತು ವಾಂಡರರ್ ಅನ್ನುವ ಜರ್ಮನ್ ಕಂಪನಿಯ ಹೆಸರು, ಎರಡರ ಮೊದಲ ಅಕ್ಷರಗಳು ಸೇರಿ ಆದದ್ದು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿ ಯೆಜ್ಡಿ ಆಯಿತು.

ಆ ಗಾಡಿಯ ಒಳಗನ್ನು ಸ್ವಲ್ಪ ನೋಡಬೇಕು, ಏಕೆಂದರೆ ಮನೆ ಸರ್ವಿಸಿನ ಸಂಸ್ಕಾರ ನಮ್ಮ ಕಡೆ ಅಲ್ಲಿಂದಲೇ ಬಂತು. 250 ಸಿಸಿ, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಟೂ ಸ್ಟ್ರೋಕ್. ಅಂದರೆ ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್: ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಹಾಗೇ ಬಿಟ್ಟರೆ ಗೇರ್. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು, ಲೀಟರಿಗೆ ಸುಮಾರು 40 ಎಂಎಲ್. ಆ ಆಯಿಲ್ ಒಳಗೆ ಹೋಗಿ ಪಿಸ್ಟನ್, ಬೇರಿಂಗ್ ಎಲ್ಲಕ್ಕೂ ಮೆತ್ತಿ, ಕೊನೆಗೆ ಪೆಟ್ರೋಲಿನ ಜೊತೆಗೇ ಸುಟ್ಟು ಹೋಗುತ್ತದೆ. ಹಿಂದೆ ನೀಲಿ ಹೊಗೆ ಬರುತ್ತಿದ್ದದ್ದು ಅದಕ್ಕೇ.

ಸುಟ್ಟ ಆಯಿಲ್ ಸುಮ್ಮನೆ ಹೋಗುವುದಿಲ್ಲ, ಕಪ್ಪು ಬಿಡುತ್ತದೆ. ಹೆಡ್ಡಿನ ಒಳಗೆ, ಪಿಸ್ಟನ್ ತಲೆಯ ಮೇಲೆ, ಹೊಗೆ ಹೋಗುವ ಬಾಯಲ್ಲಿ, ಸೈಲೆನ್ಸರಿನ ಒಳಗಿನ ಜಾಲರಿ ಕೊಳವೆಯಲ್ಲಿ ಕಾರ್ಬನ್ ಕಟ್ಟುತ್ತದೆ. ಕಟ್ಟಿದರೆ ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಇಂಜಿನ್ ಕಾಯುತ್ತದೆ. ಹಾಗಾಗಿ ಕಾರ್ಬನ್ ತೆಗೆಯುವುದು ಆ ಗಾಡಿಗಳ ಖಾಯಂ ಕೆಲಸ. ಸೈಲೆನ್ಸರಿನ ಬಾಲದ ಕಡೆಯ ಬೋಲ್ಟ್ ಬಿಚ್ಚಿ ಒಳಗಿನ ಕೊಳವೆಯನ್ನು ಎಳೆದು, ಸೌದೆ ಉರಿಯಲ್ಲಿ ಹಾಕಿ ಕೆಂಪಗೆ ಕಾಯಿಸಿ, ಆರಿದ ಮೇಲೆ ಕುಟ್ಟಿ ಉದುರಿಸುವುದು. ನೀರೊಲೆಯಲ್ಲಿ ಬೈಕಿನ ಭಾಗ ಕಂಡು ಮನೆಯ ಹೆಂಗಸರು ಬೈದದ್ದೂ ಆ ಕಾಲದ ಚರಿತ್ರೆಯೇ. ಕೆಲವರು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸುತ್ತಿದ್ದರು. ಕಬ್ಬಿಣದ ಕೊಳವೆಗೆ ಅದು ನಡೆಯುತ್ತದೆ. ಪಿಸ್ಟನ್ನು, ಹೆಡ್ಡು ಅಲ್ಯೂಮಿನಿಯಂ. ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಕೈಯನ್ನೂ ತಿನ್ನುತ್ತದೆ.

ಆಮೇಲೆ ಪಾಯಿಂಟು. ಪ್ಲಗ್ಗಿನಲ್ಲಿ ಕಿಡಿ ಬರಬೇಕಾದ ಹೊತ್ತಿಗೆ ಬಾಯಿ ತೆರೆಯುವ ಚಿಕ್ಕ ಸ್ವಿಚ್ಚು ಅದು. ಮುಖ ಸುಟ್ಟುಕೊಂಡರೆ ಸಣ್ಣ ಅರದಲ್ಲೋ ಎಮರಿ ಪೇಪರಿನಲ್ಲೋ ಉಜ್ಜಬೇಕು. ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು. ಅಳೆಯುವ ಗೇಜ್ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ಶೇವಿಂಗ್ ಬ್ಲೇಡ್ ಒಂದರ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ನಾಲ್ಕು ಬ್ಲೇಡ್ ಜೋಡಿಸಿ ಹಿಡಿದರೆ ಅಳತೆ ಆಯಿತು. ಪುಸ್ತಕದಲ್ಲಿ ಇಲ್ಲದ ಇಂಥ ಉಪಾಯಗಳಿಂದಲೇ ಆ ಗಾಡಿಗಳು ದಶಕಗಟ್ಟಲೆ ಓಡಿದವು.

ಆದರೆ ಒಂದು ಮಾತು. ಆ ಕಾಲದವರು ಎಲ್ಲವನ್ನೂ ಮನೆಯಲ್ಲೇ ಮಾಡುತ್ತಿದ್ದರು ಅನ್ನುವುದು ಈಗ ಫೇಸ್‌ಬುಕ್ಕಿನಲ್ಲಿ ಹಬ್ಬಿದ ಮೋಹದ ಕಥೆ. ಅವರಿಗೂ ಒಂದು ಗೆರೆ ಇತ್ತು. ಪ್ಲಗ್, ಪಾಯಿಂಟ್, ಕಾರ್ಬೊರೇಟರ್, ಚೈನ್, ಕ್ಲಚ್ ಕೇಬಲ್, ಸೈಲೆನ್ಸರ್ ಮನೆಯಲ್ಲಿ. ಹೆಡ್ ಬಿಚ್ಚುವುದು ಧೈರ್ಯ ಇದ್ದವರಿಗೆ. ಬೋರ್ ಸವೆದರೆ ಲೇತ್ ಇರುವ ಪೇಟೆಗೆ. ಕ್ರ್ಯಾಂಕ್ ಅಂದರೆ ಉಸ್ತಾದರ ಬಳಿಗೆ, ಅದಕ್ಕೆ ಪುಲ್ಲರ್ ಬೇಕು, ಪ್ರೆಸ್ ಬೇಕು. ಕಿಡಿಯ ಟೈಮಿಂಗ್ ಇಡಲು ಪಿಸ್ಟನ್ ತುದಿ ಮುಟ್ಟುವ ಮುಂಚೆ ಎಷ್ಟು ಮಿ.ಮೀ. ಕೆಳಗಿದೆ ಅನ್ನುವುದನ್ನು ಪ್ಲಗ್ ತೂತಿನಿಂದ ಅಳೆಯಬೇಕಿತ್ತು, ಅಲ್ಲಿಗೆ ಬಹಳ ಜನ ಕೈ ತೊಳೆದುಕೊಂಡರು. ಸಂತೆ ದಿನ ಗಾಡಿಯನ್ನು ಉಸ್ತಾದರ ಗ್ಯಾರೇಜಿಗೆ ಬಿಟ್ಟು, ಸಂತೆ ಮುಗಿಸಿ ತೆಗೆದುಕೊಂಡು ಬರುವ ರೂಢಿ ಹಾಗೆ ಹುಟ್ಟಿದ್ದು. ಗ್ಯಾರೇಜಿನ ಹುಡುಗರು ಕಲಿತದ್ದೂ ಅಲ್ಲೇ, ಮೊದಲ ವರ್ಷ ಪೂರ್ತಿ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುತ್ತ.

ಇನ್ನೊಂದನ್ನು ಮರೆಯಬಾರದು. ಗಾಡಿ ಕೆಟ್ಟರೆ ಇನ್ನೊಂದು ಕೊಳ್ಳುವ ಕಾಲ ಅದಲ್ಲ. ಲೈಸೆನ್ಸ್ ರಾಜ್ಯದಲ್ಲಿ ಎಷ್ಟು ಗಾಡಿ ಮಾಡಬೇಕು ಅನ್ನುವುದನ್ನೂ ಸರ್ಕಾರವೇ ಹೇಳುತ್ತಿತ್ತು. ಬಜಾಜ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದವರಿದ್ದಾರೆ. ಎತ್ತಿನಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದ ಕೈಯೇ ಬೈಕಿನ ಚೈನಿಗೂ ಎಣ್ಣೆ ಹಾಕಿತು. ಗಾಡಿ ಅಂದರೆ ಉಳಿಸಿಕೊಳ್ಳಬೇಕಾದ ಆಸ್ತಿ.

1984ರಿಂದ ಚಿತ್ರ ಬದಲಾಯಿತು. ಜಪಾನಿನವರು ಬಂದರು. ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಇಂಡ್-ಸುಜುಕಿ, 1985ರಲ್ಲಿ ಎಸ್ಕಾರ್ಟ್ಸ್ ಕಂಪನಿಯಿಂದ ಯಮಹಾ ಆರ್‌ಎಕ್ಸ್ 100, ಮರುವರ್ಷ ಕವಾಸಕಿ ಬಜಾಜ್. ಇವೆಲ್ಲ ಇನ್ನೂ ಟೂ ಸ್ಟ್ರೋಕ್. ಆರ್‌ಎಕ್ಸ್‌ನಲ್ಲಿ ಆಯಿಲ್ ಬೆರೆಸುವ ಕೆಲಸವನ್ನು ಒಂದು ಚಿಕ್ಕ ಪಂಪು ತಾನೇ ಮಾಡುತ್ತಿತ್ತು. ಹುಡುಗರ ಕಣ್ಣು ಅದರ ಮೇಲೆ ಬಿತ್ತು, ಇವತ್ತಿಗೂ ಬಿಟ್ಟಿಲ್ಲ, ಆ ವಿಷಯ ಬೇರೆ.

ನಿಜವಾದ ತಿರುವು 1985ರ ಹೀರೋ ಹೋಂಡಾ ಸಿಡಿ 100. ಹರಿಯಾಣದ ಧಾರುಹೇರಾದಲ್ಲಿ ತಯಾರಾದ 97 ಸಿಸಿಯ ಫೋರ್ ಸ್ಟ್ರೋಕ್ ಗಾಡಿ. ಪೆಟ್ರೋಲ್ ತುಂಬಿಸಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಅನ್ನುವುದು ಅದರ ಜಾಹೀರಾತು. ಲೀಟರಿಗೆ 80 ಕಿ.ಮೀ. ಅನ್ನುವ ಮಾತೂ ಜೊತೆಗೆ. 1994ರಲ್ಲಿ ಸ್ಪ್ಲೆಂಡರ್ ಬಂತು, ಆಮೇಲೆ ನಮ್ಮ ಹಾಲಿನ ಡೇರಿ ಮುಂದೆ, ಶಾಲೆ ಮುಂದೆ, ಪಂಚಾಯಿತಿ ಮುಂದೆ ನಿಂತ ಗಾಡಿಗಳು ಯಾವುವು ಅಂತ ನಾನು ಹೇಳಬೇಕಿಲ್ಲ.

ಆ ಜಾಹೀರಾತು ಒಳ್ಳೆಯ ಗಾಡಿಗೆ ಸಿಕ್ಕ ಕೆಟ್ಟ ಬುದ್ಧಿವಾದ ಅನ್ನುವುದು ನನ್ನ ಅಭಿಪ್ರಾಯ. ಪೆಟ್ರೋಲ್ ಖರ್ಚಿನ ಚಿಂತೆ ಮರೆಯಿರಿ ಅನ್ನುವುದು ಅದರ ಅರ್ಥ. ಜನ ಗಾಡಿಯನ್ನೇ ಮರೆತರು. ಟೂ ಸ್ಟ್ರೋಕಿನಲ್ಲಿ ಪ್ರತಿ ಸಲ ಪೆಟ್ರೋಲ್ ಹಾಕಿದಾಗ ಹೊಸ ಆಯಿಲ್ ಒಳಗೆ ಹೋಗುತ್ತಿತ್ತು, ಹಳೆಯದು ಸುಟ್ಟು ಹೋಗುತ್ತಿತ್ತು. ಫೋರ್ ಸ್ಟ್ರೋಕಿನಲ್ಲಿ ಹಾಗಲ್ಲ. ಅದೇ ಒಂದು ಲೀಟರಿಗೂ ಕಡಿಮೆ ಆಯಿಲ್ ಇಂಜಿನ್, ಗೇರ್, ಕ್ಲಚ್ ಮೂರನ್ನೂ ಸಾವಿರಾರು ಕಿಲೋಮೀಟರ್ ಕಾಯಬೇಕು. ಅದರಲ್ಲಿ 300 ಎಂಎಲ್ ಕಡಿಮೆಯಾದರೆ ಮೂರನೇ ಒಂದು ಭಾಗ ಹೋದಂತೆ. ಜಾವಾ ಕಾರ್ಬನ್ ಕಟ್ಟಿದರೆ ಏರಿನಲ್ಲಿ ನಿಂತು ಕೂಗುತ್ತಿತ್ತು, ನೋಡಿಕೊಳ್ಳಪ್ಪ ಅಂತ. ಸ್ಪ್ಲೆಂಡರ್ ಸುಮ್ಮನೆ ಓಡುತ್ತದೆ. ಹಾಳಾದದ್ದು ಗೊತ್ತಾಗುವ ಹೊತ್ತಿಗೆ ಇಂಜಿನ್ ಇಳಿಸುವ ಕೆಲಸ ಬಂದಿರುತ್ತದೆ.

ಇದೇ ಹೊತ್ತಿಗೆ ಇನ್ನೊಂದೂ ಆಯಿತು. ಪಾಯಿಂಟು ಹೋಗಿ ಸಿಡಿಐ ಅನ್ನುವ ಕಪ್ಪು ಡಬ್ಬಿ ಬಂತು. ಅದಕ್ಕೆ ಬ್ಲೇಡ್ ಬೇಡ, ಅರ ಬೇಡ. ಹೋದರೆ ಹೊಸದು ಹಾಕುವುದು, ಅಷ್ಟೇ. ಕಾರ್ಬನ್ ಕೆಲಸ ಹೆಚ್ಚುಕಡಿಮೆ ಇಲ್ಲವಾಯಿತು. ಅದರ ಜಾಗಕ್ಕೆ ಟ್ಯಾಪೆಟ್ ಬಂತು, ಕೂದಲಷ್ಟು ಗ್ಯಾಪ್ ಇಡಬೇಕಾದ ಕೆಲಸ. ಕಿವಿಯಲ್ಲಿ ಕೇಳಿ ಟ್ಯಾಪೆಟ್ ಇಡುತ್ತೇನೆ ಅನ್ನುವವರ ಕೈಯಲ್ಲಿ ಗಾಡಿ ಕೊಡಬೇಡಿ. ಶಬ್ದ ಪೂರ್ತಿ ನಿಲ್ಲುವಷ್ಟು ಬಿಗಿ ಮಾಡಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಡುತ್ತದೆ. ಸ್ವಲ್ಪ ಟಕಟಕ ಒಳ್ಳೆಯದೇ. ಬುಲೆಟ್ಟಿನವರಿಗೆ ಈ ಕೆಲಸ ಮನೆಯಲ್ಲೇ ಆಗುತ್ತಿತ್ತು. 2009ರ ಸುಮಾರಿಗೆ ಹೊಸ ಇಂಜಿನ್ನಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಬಂದು ಅದೂ ತಪ್ಪಿತು.

ಟೂ ಸ್ಟ್ರೋಕನ್ನು ಮುಗಿಸಿದ್ದು ಹೊಗೆಯ ಕಾನೂನು. 1991ರಲ್ಲಿ ಮೊದಲ ಮಿತಿ, 1996ರಲ್ಲಿ ಬಿಗಿ, 2000ದಲ್ಲಿ ಇನ್ನೂ ಬಿಗಿ. ಯಾದವಗಿರಿ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ, ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಹಳ್ಳಿಯಲ್ಲಿ ಮಾತ್ರ ಟೂ ಸ್ಟ್ರೋಕ್ ಬಹಳ ದಿನ ಬದುಕಿತು, ಟಿವಿಎಸ್ ಮೊಪೆಡ್ಡಿನಲ್ಲಿ. 1980ರಲ್ಲಿ ಶುರುವಾದ ಟಿವಿಎಸ್ 50ರ ವಂಶ ಅದು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಚೀಲ, ಹಿಂದೆ ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತ ಆ ಗಾಡಿ 2015ರಲ್ಲಿ ಎಕ್ಸ್‌ಎಲ್ 100 ಆಗಿ ಫೋರ್ ಸ್ಟ್ರೋಕಿಗೆ ಬಂತು. ಟೂ ಸ್ಟ್ರೋಕ್ ಎಕ್ಸ್‌ಎಲ್ ಬಿಚ್ಚಿ ಜೋಡಿಸಲು ಬಾರದ ರೈತ ನಮ್ಮ ಕಡೆ ಕಡಿಮೆ. ಕಲಿಯಲು ಅದಕ್ಕಿಂತ ಸುಲಭದ ಗಾಡಿ ಬರಲೇ ಇಲ್ಲ.

2017ರ ಏಪ್ರಿಲ್‌ನಿಂದ ಬಿಎಸ್-4. ಆಗ ಬಿಎಸ್-3 ಗಾಡಿ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ, ಮಾರ್ಚ್ ಕೊನೆಯ ಎರಡು ದಿನ ಶೋರೂಮುಗಳ ಮುಂದೆ ಜಾತ್ರೆ ನಡೆದದ್ದು ನಿಮಗೂ ನೆನಪಿರಬಹುದು. 2019ರಿಂದ 125 ಸಿಸಿ ಒಳಗಿನ ಗಾಡಿಗೆ ಎರಡು ಬ್ರೇಕ್ ಕೂಡಿಸುವ ಸಿಬಿಎಸ್, ಮೇಲಿನದಕ್ಕೆ ಎಬಿಎಸ್. 2020ರ ಏಪ್ರಿಲ್ 1ರಿಂದ ಬಿಎಸ್-6. ಸ್ಪ್ಲೆಂಡರಿಗೂ ಎಕ್ಸ್‌ಎಲ್‌ಗೂ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು.

ಕಾರ್ಬೊರೇಟರ್ ಹೋದದ್ದು ದೊಡ್ಡ ವಿಷಯ. ಮಳೆಗಾಲದಲ್ಲಿ ಪೆಟ್ರೋಲಿಗೆ ನೀರು ಸೇರಿ ಗಾಡಿ ನಿಂತರೆ, ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಎರಡು ಚಮಚ ಹೊರಗೆ ಬಿಟ್ಟು ಮುಂದೆ ಹೋಗುತ್ತಿದ್ದೆವು. ಈಗ ಟ್ಯಾಂಕಿನ ಒಳಗೇ ಪಂಪಿದೆ. ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿ ನಿಂತಿರುತ್ತದೆ. ಹಳೆಯ ಅಭ್ಯಾಸದಲ್ಲಿ ಆ ಪೈಪ್ ಎಳೆದರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ, ಮುಂದಿನದು ಊಹಿಸಿ. ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವುದನ್ನು ಸೆನ್ಸರ್‌ಗಳು ಕೊಟ್ಟ ಲೆಕ್ಕದ ಮೇಲೆ ಇಸಿಯು ಅನ್ನುವ ಚಿಕ್ಕ ಕಂಪ್ಯೂಟರ್ ತೀರ್ಮಾನಿಸುತ್ತದೆ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಏನಾಗಿದೆ ಅಂತ ಓದಲು ಸ್ಕ್ಯಾನರ್ ಬೇಕು. ಅದು ಉಸ್ತಾದರ ಬಳಿ ಇದ್ದರೆ ಸರಿ, ಇಲ್ಲದಿದ್ದರೆ ತಾಲೂಕಿನ ಶೋರೂಮಿಗೇ ಹೋಗಬೇಕು.

ಇಲ್ಲಿ ಪ್ರಶ್ನೆ ಬರೀ ಸ್ಪ್ಯಾನರಿನದ್ದಲ್ಲ, ಹಕ್ಕಿನದ್ದು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿ, ಉಪಕರಣಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದಂತೆ ತಡೆದದ್ದು ತಪ್ಪು ಅನ್ನುವುದು ಆಯೋಗದ ತೀರ್ಪು. ಅದು ಕಾರಿನ ವಿಷಯ, ಬೈಕಿನದ್ದಲ್ಲ. ಆದರೆ ತತ್ವ ಅದೇ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರೈಟ್ ಟು ರಿಪೇರ್ ಅನ್ನುವ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆ ಸಾಮಾನು, ವಾಹನ ನಾಲ್ಕೂ ಅದರಲ್ಲಿವೆ. ಸ್ಕ್ಯಾನರ್ ಇರುವ ಗ್ಯಾರೇಜು ಹೋಬಳಿಗೊಂದು ಆಗುವವರೆಗೆ ನಮ್ಮ ಜನಕ್ಕೆ ಈ ಹಕ್ಕು ಕಾಗದದ್ದೇ ಅನ್ನುವುದು ಬೇರೆ ಮಾತು.

ಹಾಗಾದರೆ ಈಗ, 100 ಸಿಸಿ ಗಾಡಿ ಇಟ್ಟುಕೊಂಡು, ದಿನಕ್ಕೆ 40-50 ಕಿ.ಮೀ. ಓಡಿಸುವ ನಮ್ಮಂಥವರು ಎಲ್ಲಿ ಗೆರೆ ಎಳೆಯಬೇಕು? ವರದಿಗೆ ಇಷ್ಟು ಅಂತ ದುಡ್ಡು ಸಿಗುವ ನನ್ನ ಕಸುಬಿನಲ್ಲಿ ಈ ಪ್ರಶ್ನೆ ಮೂರು ತಿಂಗಳಿಗೊಮ್ಮೆ ಬರುತ್ತದೆ. ನಾನು ಕೇಳಿಕೊಳ್ಳುವುದು ಒಂದೇ: ಕೆಲಸ ತಪ್ಪಾದರೆ ಅದು ಎಲ್ಲಿ ಗೊತ್ತಾಗುತ್ತದೆ, ಅಂಗಳದಲ್ಲೋ ಘಾಟಿಯಲ್ಲೋ?

ಪ್ಲಗ್ ಸರಿ ಕೂರದಿದ್ದರೆ ಅಂಗಳದಲ್ಲೇ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಏರ್ ಫಿಲ್ಟರ್ ಧೂಳು ನೋಡುವುದು, ಬ್ಯಾಟರಿ ಟರ್ಮಿನಲ್ ಒರೆಸುವುದು, ಕ್ಲಚ್ ಕೇಬಲ್ ಹೊಂದಿಸುವುದು ಇದೇ ಸಾಲಿಗೆ ಸೇರಿದ್ದು. ಆಯಿಲ್ ಚೇಂಜ್ ಕೂಡ, ಸ್ವಲ್ಪ ಎಚ್ಚರದಿಂದ. ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡ್, ಹೇಳಿದ ಅಳತೆ. ಇಂಜಿನ್ ಬೆಚ್ಚಗಿರುವಾಗ ಇಳಿಸಬೇಕು, ಡಬಲ್ ಸ್ಟ್ಯಾಂಡ್ ಹಾಕಿ ಸಮ ನೆಲದಲ್ಲಿ. ಕೆಳಗಿನ ಬೋಲ್ಟ್ ಕೂರುವುದು ಅಲ್ಯೂಮಿನಿಯಮ್ಮಿನಲ್ಲಿ. ಉದ್ದದ ಪೈಪ್ ಹಾಕಿ ಬಲ ತೋರಿಸಿದರೆ ಥ್ರೆಡ್ ಹೋಗಿ, ಉಳಿಸಿದ ಕೂಲಿಯ ಹಲವು ಪಟ್ಟು ಖರ್ಚಾಗುತ್ತದೆ. ಸ್ಪ್ಲೆಂಡರಿನಂಥ ಹಲವು ಗಾಡಿಗಳಲ್ಲಿ ಕ್ಲಚ್ ಕವರ್ ಒಳಗೆ ಸುತ್ತುವ ಆಯಿಲ್ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂತ ಕೊಳೆ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದರೆ ಬರುವುದಿಲ್ಲ. ಅಂಗಳದಲ್ಲೇ ಆಯಿಲ್ ಬದಲಿಸಿ ಹತ್ತು ವರ್ಷ ಓಡಿಸಿದೆ ಅನ್ನುವವರು ಒಮ್ಮೆಯಾದರೂ ಆ ಕವರ್ ತೆಗೆಸಿ ತೊಳೆಸಿದ್ದಾರಾ, ಕೇಳಿ ನೋಡಿ.

ಚೈನ್ ಮಧ್ಯದ ಗೆರೆಯಲ್ಲಿದೆ. ಬಿಗಿ ಮಾಡುವುದು ಸುಲಭ, ಆದರೆ ಚಕ್ರ ಹಿಂದೆ ಸರಿದ ಕೂಡಲೇ ಹಿಂದಿನ ಡ್ರಮ್ ಬ್ರೇಕ್ ಕೂಡ ಬಿಗಿಯಾಗುತ್ತದೆ. ಅದನ್ನು ಮತ್ತೆ ಹೊಂದಿಸದಿದ್ದರೆ ಲೈನರ್ ಉಜ್ಜುತ್ತ ಡ್ರಮ್ ಕಾಯುತ್ತದೆ. ಎರಡೂ ಬದಿಯ ಗೆರೆ ಒಂದೇ ಅಳತೆಗೆ ಬರಬೇಕು, ಆಕ್ಸೆಲ್ ನಟ್ ಪೂರ್ತಿ ಬಿಗಿಯಾಗಬೇಕು. ಇಷ್ಟು ತಾಳ್ಮೆ ಇದ್ದರೆ ಮನೆಯಲ್ಲಿ ಮಾಡಿ.

ಡಿಸ್ಕ್ ಬ್ರೇಕಿನ ಆಯಿಲ್ ಬದಲಿಸುವುದು, ಸಿಬಿಎಸ್ ಜೋಡಣೆ, ಎಬಿಎಸ್, ಮುಂದಿನ ಫೋರ್ಕ್, ಸ್ಟೇರಿಂಗ್ ಬೇರಿಂಗ್ ಇವುಗಳ ತಪ್ಪು ಅಂಗಳದಲ್ಲಿ ಕಾಣುವುದಿಲ್ಲ. ಬ್ರೇಕಿನ ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ, ಇಳಿಜಾರಿನಲ್ಲಿ ಹಿಂದೆ ಕ್ಯಾನು ಕಟ್ಟಿಕೊಂಡು ಬರುವಾಗ ಲಿವರ್ ಮೆತ್ತಗೆ ಹ್ಯಾಂಡಲ್‌ವರೆಗೆ ಬಂದುಬಿಡುತ್ತದೆ. ಯೂಟ್ಯೂಬ್ ನೋಡಿ ಇದನ್ನು ಕಲಿಯುವ ಹುಮ್ಮಸ್ಸಿನ ಹುಡುಗರಿಗೆ ನಾನು ಬೇಡ ಅನ್ನುವುದು ಇಷ್ಟಕ್ಕೇ. ಕಲಿಯಲೇಬೇಕೆಂದರೆ ಗ್ಯಾರೇಜಿಗೆ ಹೋಗಿ, ಬಲ್ಲವರು ಮಾಡುವಾಗ ಪಕ್ಕದಲ್ಲಿ ನಿಂತು ಕಲಿಯಿರಿ.

ವಾರಂಟಿ ಇರುವ ಹೊಸ ಗಾಡಿಯ ಲೆಕ್ಕ ಬೇರೆ. ಫ್ರೀ ಸರ್ವಿಸಿನ ಕೂಪನ್ ಮುಗಿಯುವವರೆಗೆ ಹೊತ್ತಿಗೆ ಸರಿಯಾಗಿ ಶೋರೂಮಿಗೆ ಬಿಡಿ, ಬಿಲ್ ಇಟ್ಟುಕೊಳ್ಳಿ. ನಾಳೆ ಇಂಜಿನ್ ಭಾಗ ಹೋದರೆ ಮೊದಲು ಕೇಳುವುದೇ ಆ ಬಿಲ್.

ಆಯುಧ ಪೂಜೆಯ ಹಿಂದಿನ ದಿನ ಗಾಡಿ ತೊಳೆಯುವುದನ್ನು ನಾವು ಯಾರೂ ಬಿಟ್ಟಿಲ್ಲ. ಅವತ್ತು ಸ್ಟಿಕ್ಕರ್ ಉಜ್ಜುವ ಹೊತ್ತಿನಲ್ಲಿ ಸ್ವಲ್ಪವನ್ನು ಬ್ರೇಕ್ ಲೈನರಿನ ಬಾಣದ ಗುರುತು ನೋಡಲು, ಟೈರಿನ ಬಿರುಕು ನೋಡಲು, ಆಯಿಲ್ ಅಳತೆ ಕಡ್ಡಿ ತೆಗೆದು ನೋಡಲು ಕೊಡಬಹುದು. ಜೋರು ನೀರಿನ ಪೈಪನ್ನು ಹ್ಯಾಂಡಲ್ ಸ್ವಿಚ್ಚಿಗೂ ಸೀಟಿನ ಕೆಳಗಿನ ವೈರಿಂಗಿಗೂ ಹಿಡಿಯಬೇಡಿ. ಕಾರ್ಬೊರೇಟರ್ ಕಾಲದಲ್ಲಿ ನಡೆಯುತ್ತಿದ್ದದ್ದು ಸೆನ್ಸರ್ ಕಾಲದಲ್ಲಿ ನಡೆಯುವುದಿಲ್ಲ.

ಇಳಿಸಿದ ಹಳೇ ಆಯಿಲ್ ವಿಚಾರ ಒಂದು ಉಳಿಯಿತು. ಹಿಂದಿನವರು ಅದನ್ನು ಗೆದ್ದಲು ಹಿಡಿಯದಂತೆ ಬೇಲಿಯ ಕಂಬಕ್ಕೆ, ಬಾಗಿಲ ಚೌಕಟ್ಟಿಗೆ ಬಳಿಯುತ್ತಿದ್ದರು. ಮಿಕ್ಕಿದ್ದು ತಿಪ್ಪೆಗೋ ಚರಂಡಿಗೋ ಹೋಗುತ್ತಿತ್ತು. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಚರಂಡಿಗೆ ಬಿಟ್ಟರೆ ಸೇರುವುದು ನಮ್ಮದೇ ಕೆರೆಗೆ. ಖಾಲಿಯಾದ ಆಯಿಲ್ ಡಬ್ಬಿಗೇ ತುಂಬಿ ಮುಚ್ಚಳ ಹಾಕಿ, ಮುಂದಿನ ಸಂತೆಗೆ ಹೋಗುವಾಗ ಗ್ಯಾರೇಜಿನ ಬ್ಯಾರಲ್ಲಿಗೆ ಸುರಿದು ಬನ್ನಿ. ಬ್ಯಾರಲ್ ತುಂಬಿದ ಮೇಲೆ ಕೊಂಡುಹೋಗುವವರು ಅಲ್ಲಿಗೇ ಬರುತ್ತಾರೆ.